ನೂರ ತೊಂಬತ್ತೆಂಟು

ಚೌರಪ್ಪನ ಮೊಮ್ಮಗಳು ರಿಯೋನಾ ಬಂದು
ಎರಡು ಬಿಳಿ ಹುಣಸೆಬೀಜ ನನ್ನ ಕಿವಿಗೆ ಸಿಕ್ಕಿಸಿದಳು.
"ನಿಮ್ಮದೇ ಕ್ರಿಸ್ಮಸ್ ಹಾಡು, ದಸ್ತಗೀರ್ ತಾತ,
ಹೊಸದಾಗಿ ಮಾಡಿದ್ದೀವಿ, ಕೇಳಿ ಹೇಳಿ."

ನನ್ನದೆಲ್ಲಿ ಬಂತು? ನಾನು ಬರೆದವನಲ್ಲ, ಹಾಡಿದವನಲ್ಲ,
ಭದ್ರಾವತಿಯಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡಿದ್ದವನು.
ಎಂಬತ್ತೊಂಬತ್ತರ ಡಿಸೆಂಬರಿನಲ್ಲಿ ಒಂದು ರಾತ್ರಿ
ಕೆಂಪು ಗುಂಡಿ ಒತ್ತಿದವನು, ಅಷ್ಟೆ.

ಚೆನ್ನಾಗಿದೆ. ಸುಳ್ಳೇಕೆ ಹೇಳಲಿ.
ಶ್ರುತಿ ದಾರ ಹಿಡಿದು ಎಳೆದ ಗೆರೆ.
ಇಪ್ಪತ್ತು ಪಿಟೀಲಂತೆ, ಒಂದಕ್ಕೂ ತಂತಿಯಿಲ್ಲ,
ಯಾವ ಗಂಟಲಲ್ಲೂ ಶೀತವಿಲ್ಲ,
ಮೂರನೇ ಚರಣದಲ್ಲಿ ಒಬ್ಬ ಹುಡುಗ
ಬಡಬಡ ಮಾತಾಡುತ್ತಾನೆ, ನಾನು ಪದ ಹಿಡಿಯುವಷ್ಟರಲ್ಲಿ
ಬಸ್ಸು ಹೋಗಿರುತ್ತದೆ.

ನಮ್ಮ ಕಾಲದ ಆ ಮೂರನೇ ಚರಣ:
ಶಾಲೆಯ ಕೊಠಡಿ, ಕಿಟಕಿಗೆ ಗೋಣಿತಾಟು,
ಎರಡು ಮೈಕು, ಅದರಲ್ಲೊಂದಕ್ಕೆ ಉಬ್ಬಸ.
ಚೌರಪ್ಪ ಮಿಲ್ಲಿನ ಪಾಳಿ ಮುಗಿಸಿ ನೇರ ಬಂದಿದ್ದ,
ಎಷ್ಟು ಸೋಪು ಹಚ್ಚಿದರೂ ಹಾರ್ಮೋನಿಯಂ ಮೇಲೆ
ಕಪ್ಪು ಬೆರಳಚ್ಚು, ಬಿಳಿ ಮನೆ ಯಾವುದು
ಕರಿ ಮನೆ ಯಾವುದು ಗೊತ್ತಾಗದ ಹಾಗೆ.
ಹಾಡಿದ್ದು ಮದಲೆಮ್ಮ, ಸರ್ಕಾರಿ ಆಸ್ಪತ್ರೆಯ ಆಯಾ.
ಅವಳೇ ಬಂದು ಹೇಳಿದ್ದು, ಮಕ್ಕಳ ವಾರ್ಡಿನಲ್ಲಿ
ಒಂದು ಮಂಚಕ್ಕೆ ಮೂರು ಮಕ್ಕಳು,
ಒಂದರ ತಲೆಗೆ ಇನ್ನೊಂದರ ಕಾಲು,
ಒಣಮೀನು ಜೋಡಿಸಿದ ಹಾಗೆ ಅಂತ.
ಹತ್ತು ಮಂಚ ಬೇಕು, ಅದಕ್ಕೊಂದು ಹಾಡು ಬೇಕು.

ಚರಣ ಅರ್ಧಕ್ಕೆ ಬಂದಾಗ ಕಾರ್ಖಾನೆಯ ಹತ್ತು ಗಂಟೆ ಸೈರನ್.
ನಿಲ್ಲಿಸಲು ಕೈ ಎತ್ತಿದೆ. ಮದಲೆಮ್ಮ ಕಣ್ಣಲ್ಲೇ ಬೇಡವೆಂದಳು,
ತನ್ನ ದನಿಯನ್ನು ಅದರ ಹೆಗಲಿಗೇರಿಸಿ
ಅದು ಇಳಿದ ಕಡೆ ತಾನೂ ಇಳಿದಳು.
ಎಂಥ ಶಂಖ ಊದಿಸಿದ್ದೀರಪ್ಪಾ, ಅಂದರು ಕೊಂಡವರು.
ಹೊಸದರಲ್ಲಿ ಸೈರನ್ ಇಲ್ಲ.
ಊರಿನಲ್ಲೂ ಇಲ್ಲ.

ಆದರೆ ಒಂದು ಮಾತು ಹೇಳಬೇಕು.
ಇನ್ನಾಸಪ್ಪ ಮೇಷ್ಟ್ರು ಬರೆದದ್ದು
"ಗೋದಲಿಯೊಳಗೆ ಹುಲ್ಲಿನ ಹಾಸಿಗೆ".
ಕೈಗೆ ಬಂದದ್ದು ಕಾರ್ಬನ್ ಪ್ರತಿ, ಕನ್ನಡಕ ವಾರ್ಡಿನಲ್ಲೇ ಮರೆತಿದ್ದಳು,
ಮದಲೆಮ್ಮ ಹಾಡಿದ್ದು "ಹೂವಿನ ಹಾಸಿಗೆ".
ಮೇಷ್ಟ್ರು ತಲೆಗೆ ಕೈ ಹಚ್ಚಿ ಬೆಂಚಿನ ಮೇಲೆ ಕುಸಿದರು.
ಟೇಪು ಓಡುತ್ತಿತ್ತು, ಇನ್ನೊಂದು ಟೇಪಿಗೆ ದುಡ್ಡಿರಲಿಲ್ಲ.
"ಆ ಕೂಸಿಗೆ ಹೂವು ಸಿಕ್ಕಿದ್ದರೆ ಕಥೆಯೇ ಇಲ್ಲವಲ್ಲ ಮಾರಾಯ"
ಎಂದು ಸಾಯುವ ತನಕ ನನ್ನ ಅಂಗಡಿಯಲ್ಲಿ ಗೊಣಗಿದರು.

ರಿಯೋನಾ ಈಗ ಅದೇ ಹೂವನ್ನು ಹಾಡಿದ್ದಾಳೆ.
ಹೂ ಮೇಲೆ ಮೂರು ಸ್ವರ ಜಾರಿಸಿ, ಕಣ್ಣು ಮುಚ್ಚಿ,
ವೇದವಾಕ್ಯದ ಹಾಗೆ.
ವೀಡಿಯೋದಲ್ಲಿ ಸೇವಂತಿಗೆ ಬೇರೆ ಸುರಿದಿದ್ದಾರೆ.
ತಿದ್ದೋಣವೆಂದು ಬಾಯಿ ತೆರೆದೆ,
ಹಲ್ಲುಸೆಟ್ಟು ಸರಿಮಾಡಿಕೊಂಡವನ ಹಾಗೆ ಮುಚ್ಚಿದೆ.
ಮದಲೆಮ್ಮನದಾಗಿ ಉಳಿದಿರುವುದು ಇದೊಂದೇ ತಪ್ಪು.

ನಮಗೆ ಈಸ್ಟರ್ ತನಕ ಮನೆಮನೆ ಅಲೆದರೂ
ಬಂದದ್ದು ಏಳೇ ಮಂಚ.
ಇವರಿಗೆ ಒಂದೇ ರಾತ್ರಿಯಲ್ಲಿ
ಡಯಾಲಿಸಿಸ್ ಯಂತ್ರದ ಕಾಲುಭಾಗ.
ಹಳೆಯದೇ ಚೆಂದ ಅನ್ನುವವನು ಆ ಮೂರು ಮಂಚದ ಲೆಕ್ಕ ಕೊಡಲಿ.

ಲೆಕ್ಕ ಅಂದರೆ, ಇನ್ನೊಂದಿದೆ.
ಕ್ಯಾಸೆಟ್ಟಿಗೆ ಹದಿನೆಂಟು ರೂಪಾಯಿ.
ಹನ್ನೊಂದು ಕ್ಯಾಸೆಟ್ಟಿನದು ನನ್ನ ಗಲ್ಲಾದಲ್ಲೇ ಉಳಿಯಿತು,
ಅಂಗಡಿ ಬಾಡಿಗೆಗೆ, ಬರುವ ವಾರ ಕೊಟ್ಟರಾಯಿತು ಅಂತ.
ಮದಲೆಮ್ಮ ಕೇಳಲಿಲ್ಲ. ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆ.

ಸೊಸೆಯ ಫೋನಿನಿಂದ, ಆ ಚೌಕುಳಿ ಚಿತ್ರ ತೋರಿಸಿ, ಹಾಕಿದೆ.
ಸಂಜೆ ರಿಯೋನಾ ನಗುತ್ತ ಬಂದಳು:
"ಯಾರೋ ನೂರ ತೊಂಬತ್ತೆಂಟು ಹಾಕಿದ್ದಾರೆ ತಾತ,
ದಾನದಲ್ಲೂ ಎರಡು ರೂಪಾಯಿ ಚೌಕಾಸಿ!"
"ಇರ್ತಾರೆ ಮಗಾ, ಅಂಥೋರೂ ಇರ್ತಾರೆ,
ಇನ್ನೊಂದ್ಸಲ ಹಾಕು,
ಆ ಹೂವಿನ ಜಾಗದಿಂದ."